ಚಿರತೆಗೆ ಶೀತ

ಖಾಲಿ ಕೋಣೆಗೆ ಮೈಕಿನಲ್ಲಿ, "ಚಿರತೆ, ಮೂಗು ಒರೆಸ್ಕೊಂಡ್ಯಾ? ಆಯ್ತು, ಇನ್ನೊಂದು ನಿಮಿಷ, ಶುರು ಮಾಡೇಬಿಡೋಣ," ಎಂದು ಹೇಳುವಾಗ ಅವಳಿಗೆ ಈಗೀಗ ನಾಚಿಕೆಯಾಗುತ್ತಿರಲಿಲ್ಲ. ಮೊದಮೊದಲು ಆಗುತ್ತಿತ್ತು. ಸ್ನಾನದ ಮನೆಯಲ್ಲಿ ಹಾಡುವವರು ಬಾಗಿಲ ಬಳಿ ಹೆಜ್ಜೆಯ ಸದ್ದು ಕೇಳಿದೊಡನೆ ದನಿ ತಗ್ಗಿಸುವ ಹಾಗೆ, ಪಕ್ಕದಲ್ಲೇ ಕುಳಿತು ಯಂತ್ರ ನಡೆಸುವವನ ಕಡೆ ಬೆನ್ನು ಮಾಡಿ, ಮಾತನ್ನು ಅರ್ಧ ನುಂಗಿ ಹೇಳುತ್ತಿದ್ದಳು. ಈಗ ಹಾಗಲ್ಲ. ಇಲ್ಲದ ಚಿರತೆಯನ್ನು ಗದರುತ್ತಾಳೆ, ಇಲ್ಲದ ಗುಬ್ಬಿಯ ಉತ್ತರಕ್ಕೆ ಕಾಯುತ್ತಾಳೆ, ಉತ್ತರ ಕೇಳಿಸಿತೆಂಬಂತೆ ತಲೆಯಾಡಿಸುತ್ತಾಳೆ; ತಲೆಯಾಡಿಸಿದ್ದು ಮೈಕಿಗೆ ಕಾಣುವುದಿಲ್ಲ ಎಂಬುದು ಆಮೇಲೆ ಹೊಳೆಯುತ್ತದೆ. ಇದೆಲ್ಲ ಕೇಳಿಸಬೇಕಾದದ್ದು ಗಾಜಿನ ಆಚೆ, ಮೆದುಳಿನ ಚಿತ್ರ ತೆಗೆಯುವ ದೊಡ್ಡ ಬಿಳಿ ಉಂಗುರದಂಥ ಯಂತ್ರದೊಳಗೆ ತಲೆಯಿಟ್ಟು ಮಲಗಿದ್ದ ಹದಿನಾರರ ಹುಡುಗಿಗೆ. ತನ್ನ ಹಾಗೆಯೇ ಇನ್ನಿಬ್ಬರು ಅಕ್ಕಪಕ್ಕದ ಕೋಣೆಗಳಲ್ಲಿ ಮಲಗಿದ್ದಾರೆ, ಮೂವರೂ ಸೇರಿ ಪರದೆಯ ಮೇಲೆ ಚೆಂಡಾಟ ಆಡಬೇಕು ಎಂದು ಹುಡುಗಿಯನ್ನು ನಂಬಿಸಲಾಗಿತ್ತು. ನಿಜಕ್ಕೂ ಒಂದು ಕೋಣೆಯಲ್ಲಿ ಇದ್ದದ್ದು ಕಾಲು ಮುರಿದ ಮೇಜುಗಳು, ಇನ್ನೊಂದರಲ್ಲಿ ನೆಲ ಒರೆಸುವ ಬಕೆಟ್ಟು. ಗುಬ್ಬಿಯೂ ಚಿರತೆಯೂ ಕಂಪ್ಯೂಟರಿನ ಕೈವಾಡ.

ಆಟ ಮೂರು ಸುತ್ತು. ಮೊದಲನೆಯದರಲ್ಲಿ ಚೆಂಡು ಮೂವರಿಗೂ ಸಮನಾಗಿ ಬರುತ್ತದೆ. ಎರಡನೆಯದರಲ್ಲಿ ಮೊದಲು ಚಿರತೆ, ಅದನ್ನು ನೋಡಿ ಗುಬ್ಬಿ, ಯಂತ್ರದಲ್ಲಿ ಮಲಗಿದ ಮಗುವಿಗೆ ಚೆಂಡು ಎಸೆಯುವುದನ್ನು ನಿಲ್ಲಿಸಿ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆ. ಮಗು ನೋಡುತ್ತ ಮಲಗಿರಬೇಕು. ಆ ಹೊತ್ತಿನಲ್ಲಿ ಮೆದುಳಿನ ಯಾವ ಮೂಲೆ ಚುರುಗುಟ್ಟುತ್ತದೆ ಎಂದು ಯಂತ್ರ ಬರೆದುಕೊಳ್ಳುತ್ತದೆ. ಮೂರನೆಯದರಲ್ಲಿ ಇಬ್ಬರೂ ಏನೂ ಆಗದವರ ಹಾಗೆ, ಜಗಳವಾಡಿದ ಮಾರನೇ ದಿನ ಸಕ್ಕರೆ ಕೇಳಲು ಬರುವ ಪಕ್ಕದ ಮನೆಯವರ ಹಾಗೆ, ಮತ್ತೆ ಚೆಂಡು ಎಸೆಯತೊಡಗುತ್ತಾರೆ. ಆಗ ಮಗು ಯಾರಿಗೆ ಎಸೆಯುತ್ತದೆ? ಅವಳ ಎರಡು ವರ್ಷದ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಶಾಲೆಗಳಿಂದ ಬಂದ ಆರೋಗ್ಯವಾಗಿದ್ದ ಮಕ್ಕಳು ಮೂರನೇ ಸುತ್ತಿನಲ್ಲಿ ಇಬ್ಬರಿಗೂ ಎಸೆಯುತ್ತಿದ್ದವು. ಮನೋವೈದ್ಯರ ಕಡೆಯಿಂದ ಬಂದ, ತಿಂಗಳುಗಟ್ಟಲೆ ಮನಸ್ಸು ಕುಸಿದು ಹಾಸಿಗೆ ಹಿಡಿದ ಮಕ್ಕಳು ಚಿರತೆಗೆ ಎಸೆಯುತ್ತಲೇ ಇರಲಿಲ್ಲ. ಎಸೆದರೂ ಒಂದೋ ಎರಡೋ. ಈ ವಿಷಯ ತಿಳಿದ ದಿನ ಪ್ರೊಫೆಸರು ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದು, "ಮುನಿಸು," ಎಂದಿದ್ದರು. "ಇದಕ್ಕೆ ಮುನಿಸು ಅಂತಲೇ ಹೆಸರಿಡೋಣ. ಈ ಮಕ್ಕಳು ದುಃಖದಲ್ಲಿಲ್ಲ ಕಣಮ್ಮ, ಸಿಟ್ಟಲ್ಲಿದ್ದಾರೆ. ಲೆಕ್ಕ ಇಟ್ಕೋತಾರೆ. ಕ್ಷಮಿಸಲ್ಲ." ಅಂದಿನಿಂದ ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಮುನಿಸೇ ಮುನಿಸು. ಇವತ್ತು ಮಧ್ಯಾಹ್ನ ಹೊರಗಿನಿಂದ ಬರುವ ಸಮಿತಿಯ ಮುಂದೆ ಅವಳು ಮಾತಾಡಬೇಕಿದ್ದದ್ದೂ ಮುನಿಸಿನ ಮೇಲೆಯೇ. ಅವಳ ಕೆಲಸದ ಅವಧಿ ಮುಂದಿನ ತಿಂಗಳಿಗೆ ಮುಗಿಯುತ್ತಿತ್ತು. ಸಮಿತಿ ಮೆಚ್ಚಿದರೆ ಇನ್ನೂ ಮೂರು ವರ್ಷ, ಇಲ್ಲದಿದ್ದರೆ ಅಮ್ಮನ ಮನೆಯ ಮಹಡಿಯ ಕೋಣೆ.

"ಆಟದಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಒಂದು ಅಡ್ಡಹೆಸರು ಹೇಳು," ಎಂದು ಬೆಳಿಗ್ಗೆ ಈ ಹುಡುಗಿಯನ್ನು ಕೇಳಿದಾಗ ಹುಡುಗಿ ಚಾವಣಿ ನೋಡಿ, ತನ್ನ ಕಾಲುಚೀಲ ನೋಡಿ, "ಸೋಫಾ," ಎಂದಿದ್ದಳು.

"ಸೋಫಾನಾ? ಯಾಕೆ?"

"ಕಣ್ಣಿಗೆ ಬಿತ್ತು."

ಅಲ್ಲಿ ಸೋಫಾ ಇರಲಿಲ್ಲ. ಅವಳು ಕೇಳಲು ಹೋಗಲಿಲ್ಲ. ಮನೋವೈದ್ಯರ ಕಡೆಯಿಂದ ಬರುವ ಮಕ್ಕಳನ್ನು ಎರಡನೇ ಸಲ ಏನನ್ನಾದರೂ ಕೇಳಿದರೆ ಅವು ಬಸವನಹುಳುವಿನ ಕೊಂಬಿನ ಹಾಗೆ ಒಳಗೆ ಹೋಗಿಬಿಡುತ್ತವೆ ಎಂದು ಅವಳಿಗೆ ಗೊತ್ತಿತ್ತು. ಹಾಗೆ ಒಳಗೆ ಹೋಗುವುದನ್ನು ತಡೆಯಲೆಂದೇ ಅವಳು ಗುಬ್ಬಿ ಚಿರತೆಯರ ನಾಟಕಕ್ಕೆ ದಿನದಿನವೂ ಒಂದಿಷ್ಟು ಉಪ್ಪುಖಾರ ಸೇರಿಸುತ್ತ ಬಂದಿದ್ದಳು. ಗುಬ್ಬಿಗೆ ಒಮ್ಮೆ ಬಾತ್‌ರೂಮಿಗೆ ಹೋಗಬೇಕಾಗುತ್ತಿತ್ತು. ಚಿರತೆಗೆ ಶೀತವಾದದ್ದು ಮಾತ್ರ ಅವಳು ಕಟ್ಟಿದ ಕತೆಯಲ್ಲ. ಒಂದು ದಿನ ಮೈಕು ತೆರೆದಿರುವಾಗಲೇ ಕಾಂತಣ್ಣ, ಎಂದರೆ ಕಾಂತದ ಯಂತ್ರ ನಡೆಸುವುದರಿಂದ ಆ ಹೆಸರು ಹೊತ್ತವನು, ಗೋಡೆ ನಡುಗುವ ಹಾಗೆ ಸೀನಿಬಿಟ್ಟ. ಯಂತ್ರದೊಳಗಿನ ಮಗು, "ಯಾರದು?" ಎಂದಿತು. ಅವಳು ಗಾಬರಿಯಲ್ಲಿ, "ಚಿರತೆ. ಪಾಪ, ಅವಳಿಗೆ ಶೀತ," ಎಂದಳು. ಮಗು ನಕ್ಕಿತು. ಪ್ರಯೋಗಾಲಯಕ್ಕೆ ಬಂದ ಮೇಲೆ ಆ ಮಗು ನಕ್ಕದ್ದು ಅದೊಂದೇ ಸಲ. ಆವತ್ತಿನಿಂದ ಚಿರತೆಯ ಶೀತ ವಾಸಿಯೇ ಆಗಲಿಲ್ಲ.

"ನಿಮ್ಮಿಂದಾಗಿ ಚಿರತೆಗೆ ಶೀತ ಹತ್ತಿದ್ದು," ಎಂದು ಅವಳು ರೇಗಿಸಿದರೆ, ಕಾಂತಣ್ಣ, "ಏನು ಮಾಡೋದು ಮೇಡಂ, ಹೆಂಡ್ತಿ 'ರೀ' ಅಂತಾಳೆ, ನೀವು ಕಾಂತಣ್ಣ ಅಂತೀರಿ. ನನ್ನ ಅಸಲು ಹೆಸರು ಕರೆಯೋದು ಬ್ಯಾಂಕಿನೋರು ಮಾತ್ರ. ನನ್ನ ಸೀನಾದ್ರೂ ನನ್ನದೇ ಅಂತಿದ್ದೆ, ಅದನ್ನೂ ಚಿರತೆಗೆ ಕೊಟ್ರಿ," ಎನ್ನುತ್ತಿದ್ದ.

ಈಗ ಅವನು ಗುಂಡಿ ಒತ್ತಿದ. ಯಂತ್ರ ಡಬಡಬ ಬಡಿದುಕೊಳ್ಳತೊಡಗಿತು. ಈ ಸದ್ದಿನ ಹಿಂದೆ ಕುಳಿತಾಗಲೆಲ್ಲ ಅವಳ ಮನಸ್ಸು ಹೇಳದೆ ಕೇಳದೆ ಎಲ್ಲಿಗಾದರೂ ಹೊರಟುಬಿಡುತ್ತಿತ್ತು. ಬಹುಪಾಲು, ತಾನು ಈ ಕುರ್ಚಿಗೆ ಹೇಗೆ ಬಂದು ಕುಳಿತೆ ಎಂಬಲ್ಲಿಗೆ. ಅದಕ್ಕೆ ಅವಳ ಬಳಿ ಎರಡು ಉತ್ತರಗಳಿದ್ದವು. ಸಮಿತಿಗಳಿಗೆಂದು ಇಟ್ಟ ಉತ್ತರದಲ್ಲಿ ಹದಿಹರೆಯ, ಸಮಾಜ, ಭವಿಷ್ಯ ಎಂಬ ಮಾತುಗಳಿದ್ದವು. ಮನೆಯವರಿಗೆಂದು ಇಟ್ಟದ್ದು ಚಿಕ್ಕದು: ಇಲಿ ಕಂಡರೆ ಆಗಲಿಲ್ಲ. ಅದೂ ಪೂರ್ತಿ ಸುಳ್ಳಲ್ಲ. ಮೊದಲು ಸೇರಿದ ಪ್ರಯೋಗಾಲಯದಲ್ಲಿ ಇಲಿಗಳನ್ನು ನೀರು ತುಂಬಿದ ಗಾಜಿನ ಜಾಡಿಯೊಳಗೆ ಬಿಟ್ಟು, ಅವು ಎಷ್ಟು ಹೊತ್ತು ಈಜಿ ಆಮೇಲೆ ಕೈಚೆಲ್ಲುತ್ತವೆ ಎಂದು ನೋಡಬೇಕಿತ್ತು. ಕೈಚೆಲ್ಲಿದ ಇಲಿಗೆ ಬೇಸರ ರೋಗ ಎಂದು ಲೆಕ್ಕ. ಅವಳ ಕೈಗೆ ಬಂದ ಒಂದು ಇಲಿ ನೀರಿಗೆ ಬಿದ್ದ ಮರುಕ್ಷಣವೇ ಈಜು ಬಿಟ್ಟು, ಮೂಗು ಮಾತ್ರ ಮೇಲಿಟ್ಟುಕೊಂಡು, ಅವಳನ್ನೇ ನೋಡುತ್ತ ತೇಲಿತು. ಇದಕ್ಕೆ ಬೇಸರವೋ, ಇದಕ್ಕೆ ನನ್ನ ಮೇಲೆ ಬೇಸರವೋ, ಅಥವಾ ಹೇಗೂ ಎತ್ತುತ್ತಾಳೆ ಬಿಡು ಎಂಬ ಬುದ್ಧಿಯೋ ಎಂದು ಅವಳಿಗೆ ಬಗೆಹರಿಯಲಿಲ್ಲ. ಕೇಳಿದರೆ ಬಾಯಿಬಿಟ್ಟು ಹೇಳಬಲ್ಲ ಪ್ರಾಣಿಯ ಮೇಲೆ ಕೆಲಸ ಮಾಡುತ್ತೇನೆ ಎಂದು ಅಲ್ಲಿಂದ ಎದ್ದು ಬಂದಿದ್ದಳು. ಬಂದು ಹದಿಹರೆಯದವರನ್ನು ಆರಿಸಿಕೊಂಡಳು. ಅವಳ ಸೋದರತ್ತೆ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. "ಹದಿನಾರು ವರ್ಷದೋರು ಬಾಯಿಬಿಟ್ಟು ಹೇಳ್ತಾರೆ ಅಂದ್ಕೊಂಡಿದ್ಯಾ? ಇಲಿನೇ ವಾಸಿಯಿತ್ತಲ್ಲೇ. ಇರ್ಲಿ, ಮೆದುಳೊಳಗೆ ಎಲ್ಲ ಕಾಣ್ಸತ್ತೆ ಅಂತೀಯಲ್ಲ, ನನ್ನ ಕನ್ನಡಕ ಎಲ್ಲಿಟ್ಟಿದ್ದೀನಿ ಸ್ವಲ್ಪ ನೋಡಿ ಹೇಳು."

ಮೂರನೇ ಸುತ್ತು ಶುರುವಾಗಿತ್ತು. ಎದುರಿನ ಪರದೆಯಲ್ಲಿ ಸೋಫಾ ಎಂಬ ಪುಟ್ಟ ಬೊಂಬೆ ಚೆಂಡು ಹಿಡಿದು, ಒಂದು ಗಳಿಗೆ ನಿಂತು, ಗುಬ್ಬಿಗೆ ಎಸೆಯಿತು. ಮತ್ತೆ ಬಂತು. ಮತ್ತೆ ಗುಬ್ಬಿಗೆ. ಚಿರತೆ ಪಾಪ ಎಷ್ಟು ಸಲ ಎಸೆದರೂ ಸೋಫಾದ ಉತ್ತರ ಗುಬ್ಬಿಗೇ. ಅವಳು ಕುರ್ಚಿಯ ತುದಿಗೆ ಸರಿದಳು. ಮುನಿಸು, ಅಪ್ಪಟ ಮುನಿಸು, ಇಷ್ಟು ಶುದ್ಧವಾದದ್ದು ಈವರೆಗೆ ಯಾರಲ್ಲೂ ಕಂಡಿರಲಿಲ್ಲ. ಮಧ್ಯಾಹ್ನದ ಭಾಷಣಕ್ಕೆ ಇವಳನ್ನೂ ಸೇರಿಸಿಬಿಡಬಹುದು. ಒಂದು ಮಗುವಿನ ಹಗೆತನ ಕಂಡು ತನಗೆ ಬಾಯಲ್ಲಿ ನೀರೂರುತ್ತಿದೆ ಎಂಬುದು ಅವಳ ಗಮನಕ್ಕೆ ಬಂತು. ಗಮನಕ್ಕೆ ಬಂದದ್ದನ್ನು ಪಕ್ಕಕ್ಕಿಟ್ಟಳು. ಅದಕ್ಕೆ ಅವಳಿಗೆ ಒಳ್ಳೆಯ ಅಭ್ಯಾಸವಿತ್ತು.

ಹುಡುಗಿ ಯಂತ್ರದಿಂದ ಹೊರಗೆ ಬಂದು, ಮರದ ಬೆಂಚಿನ ಮೇಲೆ ಕುಳಿತು ಬೂಟಿನ ದಾರ ಕಟ್ಟಿಕೊಳ್ಳುತ್ತ, ತಲೆ ಎತ್ತದೆಯೇ ಕೇಳಿದಳು. "ಅಕ್ಕಾ, ಆ ಚಿರತೆ ಹೇಗಿದ್ದಾಳೆ?"

"ಯಾರು?"

"ಚಿರತೆ. ಶೀತ ಅಂದ್ರಲ್ಲ. ಅದ್ರೊಳಗೆ ಮಲಗಿದ್ರೆ ಮೂಗು ಕಟ್ಕೊಳ್ಳತ್ತೆ. ಕೈಯಲ್ಲಿ ಒರೆಸ್ಕೊಳ್ಳೋಕೂ ಬಿಡಲ್ಲ ನೀವು."

"ಹ್ಞಾಂ, ಚೆನ್ನಾಗಿದ್ದಾಳೆ," ಎಂದಳು ಅವಳು. ಆಮೇಲೆ ನಿಂತಲ್ಲೇ, ಮೆಟ್ಟಿಲು ಮುಗಿದ ಮೇಲೂ ಇನ್ನೊಂದಿದೆ ಎಂದು ಕಾಲಿಟ್ಟವರಿಗೆ ಆಗುವಂಥದ್ದು ಏನೋ ಆಯಿತು. "ಕೊನೇ ಆಟದಲ್ಲಿ ಅವಳಿಗೆ ನೀನು ಚೆಂಡೇ ಎಸೀಲಿಲ್ಲ ಅಲ್ವಾ?"

"ಇಲ್ಲ."

"ಸಿಟ್ಟು ಬಂದಿತ್ತಾ? ಮಧ್ಯದಲ್ಲಿ ಅವಳು ನಿನಗೆ ಎಸೀಲಿಲ್ಲ ಅಂತ?"

ಹುಡುಗಿ ಈಗ ತಲೆಯೆತ್ತಿದಳು. ಎಂಟನೇ ತರಗತಿಯವರಿಗೆ ಕೂಡುವ ಲೆಕ್ಕ ಕೊಟ್ಟರೆ ನೋಡುತ್ತಾರಲ್ಲ, ಹಾಗೆ ನೋಡಿದಳು. "ಹುಷಾರಿಲ್ದೋರು ಹಾಗೇ ಅಲ್ವಾ. ಯಾರ ಕಡೆನೂ ನೋಡೋಕೆ ಆಗಲ್ಲ. ಎಸೆದ್ರೆ ಅವಳು ವಾಪಸ್ಸು ಎಸೀಬೇಕಾಗತ್ತೆ. ಸುಮ್ನೆ ಮಲಗಿರ್ಲಿ ಅಂತ ಬಿಟ್ಟೆ."

ಆಟ ಮುಗಿದ ಮೇಲೆ ಮಕ್ಕಳಿಗೆ ಸತ್ಯ ಹೇಳಬೇಕೆಂಬುದು ನಿಯಮ. ಇಷ್ಟು ದಿನ ಅವಳು ಅದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು: ಆ ಇಬ್ಬರು ನಿಜವಲ್ಲ, ನಿನ್ನನ್ನು ಯಾರೂ ಬಿಟ್ಟು ಆಡಲಿಲ್ಲ, ಎಲ್ಲ ಕಂಪ್ಯೂಟರು. ಮಕ್ಕಳು ಭುಜ ಕುಣಿಸಿ ಹೋಗುತ್ತಿದ್ದರು. ಆ ಭುಜ ಕುಣಿತವನ್ನೂ ಅವಳು ಅದುಮಿಟ್ಟ ಸಿಟ್ಟು ಎಂದೇ ಓದಿಕೊಂಡಿದ್ದಳು. ಇವತ್ತು ಹೇಳುವಾಗ ನಾಲಿಗೆ ತೊಡರಿತು; ಬದುಕಿರುವವರು ಇಲ್ಲವೆಂದು ಸುದ್ದಿ ಮುಟ್ಟಿಸಿದ ಹಾಗಾಯಿತು.

"ಗುಬ್ಬಿನೂ ಇಲ್ವಾ?"

"ಇಲ್ಲ."

"ಶೀತನೂ ಇಲ್ವಾ?"

"ಅದು ಕಾಂತಣ್ಣನದು. ಅದೂ ಯಾವಾಗ್ಲೋ ವಾಸಿ ಆಯ್ತು."

ಹುಡುಗಿ ಇನ್ನೊಂದು ಬೂಟಿನ ದಾರಕ್ಕೆ ಕೈಹಾಕಿದಳು. ಸಿಟ್ಟಾಗುತ್ತಾಳೆ, ಆಗಲಿ, ಇದಕ್ಕಾದರೂ ಸಿಟ್ಟಾಗಲಿ ಎಂದು ಅವಳು ಕಾದಳು. "ಅಂದ್ರೆ ಇಷ್ಟೊತ್ತು ನಾನು ಕಂಪ್ಯೂಟರಿಗೆ ರೆಸ್ಟ್ ಕೊಟ್ಟೆ," ಎಂದು ಹುಡುಗಿ ಹೇಳಿದಳು. ಬಾಯಿಯ ಒಂದು ತುದಿ ಮಾತ್ರ ಮೇಲಕ್ಕೆ ಹೋಯಿತು. "ಒಳ್ಳೇದೇ ಆಯ್ತು ಬಿಡಿ. ಯಾರಿಗೂ ಹುಷಾರಿಲ್ಲ ಅಂತ ಇಲ್ವಲ್ಲ."

ಕೋಣೆಯ ಹೊರಗೆ ಇನ್ನೊಂದು ಬೆಂಚಿನ ಮೇಲೆ ತಾಯಿ ಕಾಯುತ್ತಿದ್ದರು. ಮಡಿಲಲ್ಲಿ ಮಗಳ ಸ್ವೆಟರು, ನೀರಿನ ಬಾಟಲಿ, ಮಗಳು ತಿನ್ನದೆ ಬಿಟ್ಟ ಅರ್ಧ ಬಿಸ್ಕತ್ತು. ಮಗಳನ್ನು ಲಿಫ್ಟಿನ ಕಡೆ ಮುಂದೆ ಕಳಿಸಿ ತಾವು ಹಿಂದುಳಿದು, ಸೀರೆಯಂಗಡಿಯಲ್ಲಿ ಬೆಲೆ ಕೇಳುವ ದನಿಯಲ್ಲಿ ಕೇಳಿದರು: "ಮುನಿಸು ಅಂತಲ್ರೀ ಇದು? ಆ ಯಂತ್ರದೋರು ಹೇಳಿದ್ರು. ಇಂಥ ಮಕ್ಕಳು ಮನಸ್ಸಲ್ಲೇ ಹಗೆ ಇಟ್ಕೋತಾರಂತೆ. ನನಗೆ ಗೊತ್ತಿತ್ತು. ಮನೇಲಿ ನನ್ನ ಜೊತೆ ಮಾತೇ ಆಡಲ್ಲ. ನಾನು ಏನು ಮಾಡಿದೀನಿ ಅಂತ ಇಷ್ಟು ದಿನ ಯೋಚ್ನೆ ಮಾಡ್ತಿದ್ದೆ. ಈಗ ಬಿಟ್ಟುಬಿಟ್ಟೆ. ನಾನೂ ಮಾತು ನಿಲ್ಲಿಸಿದೀನಿ. ಎಷ್ಟು ದಿನ ಮುನಿಸ್ಕೋತಾಳೋ ಮುನಿಸ್ಕೊಳ್ಳಲಿ ಅಂತ."

"ಅದು ಹಾಗಲ್ಲ," ಎಂದಳು ಅವಳು. "ಮತ್ತೆ ಹೇಗೆ?" ಎಂದರು ತಾಯಿ, ನಿಜವಾಗಿಯೂ ತಿಳಿಯಬೇಕೆಂಬಂತೆ. ಲಿಫ್ಟು ಬಂತು. ತಾಯಿ ಮಗಳ ಹಿಂದೆ ಒಳಗೆ ಹೋದರು.

ನಿಯಂತ್ರಣದ ಕೋಣೆಗೆ ವಾಪಸು ಬಂದು ಅವಳು ಕಾಂತಣ್ಣನಿಗೆ ಎಲ್ಲ ಹೇಳಿದಳು. ಶಾಲೆಯ ಮಕ್ಕಳೆಲ್ಲ ಮೊದಲ ವರ್ಷ ಬಂದವರು. ಆಗ ಯಾರಿಗೂ ಶೀತವಿರಲಿಲ್ಲ. ಮನೋವೈದ್ಯರ ಕಡೆಯ ಮಕ್ಕಳು ಬಂದದ್ದು ಸೀನಿದ ಮೇಲೆ. ಒಬ್ಬರಿಗೆ ಶೀತದ ಚಿರತೆ, ಇನ್ನೊಬ್ಬರಿಗೆ ಗಟ್ಟಿಮುಟ್ಟಾದ ಚಿರತೆ. ಹಾಗಿದ್ದರೆ ಮುನಿಸು ಎಲ್ಲಿ? ಮೆದುಳಿನ ಚಿತ್ರದಲ್ಲಿ ಹಣೆಯ ಹಿಂದೆ ಗುಲಗಂಜಿಯಷ್ಟು ಹೊಳೆಯುತ್ತಿದ್ದದ್ದು ಸಿಟ್ಟೋ ಕನಿಕರವೋ ಯಂತ್ರ ಹೇಳುವುದಿಲ್ಲ; ಹೊಳೆಯಿತು ಎಂದಷ್ಟೇ ಹೇಳುತ್ತದೆ. ಹೆಸರಿಟ್ಟದ್ದು ಇವರು.

ಕಾಂತಣ್ಣ ಕಿವಿ ಕೆರೆದುಕೊಂಡ. "ಮೇಡಂ, ನಾನು ಸೀನಿದ್ದು ನನಗೇ ನೆನಪಿಲ್ಲ ಅಂದ್ಕೊಳ್ಳಿ. ಇವತ್ತಿನ ಹುಡುಗಿ ತಲೆ ಅಲ್ಲಾಡಿಸಿದ್ಲು, ಚಿತ್ರ ಕೆಟ್ಟುಹೋಯ್ತು ಅಂತ ತೆಗೆದುಹಾಕಿ. ಕತೆ ಮುಗೀತು."

"ಅಲ್ಲಾಡಿಸಲಿಲ್ಲ. ಕಲ್ಲಿನ ಹಾಗೆ ಮಲಗಿದ್ಲು."

"ಕಲ್ಲೂ ಒಂದೊಂದು ಸಲ ಅಲ್ಲಾಡತ್ತೆ. ಇನ್ನೂ ಮೂರು ವರ್ಷದ ಕೆಲಸ ಮೇಡಂ. ಒಂದು ಸೀನಿಗೋಸ್ಕರ ಬಿಟ್ಬಿಡ್ತೀರಾ? ನನಗೆ ಪಾಪ ಸುತ್ಕೊಳ್ಳತ್ತೆ."

"ತಾಯಿಗೆ ಯಾಕೆ ಹೇಳಿದ್ರಿ ಮುನಿಸು ಅಂತ?"

"ಕಾಯ್ತಿದ್ರಲ್ಲ, ಮಾತಿಗೆ ಹೇಳ್ದೆ. ನೀವೇ ತಾನೆ ದಿನಾ ಹೇಳೋದು."

ಅವಳು ಕಾರಿಡಾರಿಗೆ ಬಂದಳು. ಉದ್ದನೆಯ ಕಾರಿಡಾರು, ಒಂದು ಕಡೆ ಬೀಗ ಹಾಕಿದ ಬಾಗಿಲುಗಳು, ಇನ್ನೊಂದು ಕಡೆ ಸೈಕಲ್ಲುಗಳು ನಿಂತ ಅಂಗಳಕ್ಕೆ ತೆರೆದ ಕಿಟಕಿಗಳು. ಯಾರೋ ಸೈಕಲ್ಲಿನ ಬೆಲ್ಲು ಒತ್ತಿ ನೋಡುತ್ತಿದ್ದರು, ಅದು ಬರಿಯ ಟಕ್ ಎನ್ನುತ್ತಿತ್ತು. ಆ ಟಕ್ ಅವಳನ್ನು ಹಳೆಯದೊಂದು ರಜೆಗೆ ಎಳೆದೊಯ್ಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಆ ರಜೆಯಲ್ಲಿ ಅವಳಿಗೆ ಹದಿನೈದು. ಗೋಡೆಯ ಬಣ್ಣ ಒಂದು ಕಡೆ ಎದ್ದು ಒಂಟೆಯ ಆಕಾರವಾಗಿತ್ತು. ಏಳಬೇಕೆಂದು ಬೆಳಿಗ್ಗೆ ಅನ್ನಿಸುತ್ತಿತ್ತು. ಅನ್ನಿಸಿದ್ದು ಕಾಲಿನವರೆಗೆ ತಲುಪುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಅಪ್ಪ ಇದಕ್ಕೆ ಸೋಮಾರಿತನ ಎಂದರು, ಅತ್ತೆ ರಕ್ತ ಕಮ್ಮಿ ಎಂದರು, ಅಮ್ಮ ಏನೂ ಅನ್ನದೆ ಹೊದಿಕೆ ಸರಿಮಾಡಿ ಹೋಗುತ್ತಿದ್ದರು. ಮೊದಲ ಕೆಲವು ದಿನ ಬೀದಿಯ ಗೆಳತಿಯರು ಕಿಟಕಿಯ ಹೊರಗೆ ಸೈಕಲ್ಲು ನಿಲ್ಲಿಸಿ ಬೆಲ್ಲು ಬಾರಿಸುತ್ತಿದ್ದರು. ಅದು ಅವರ ಕರೆಯುವ ಕ್ರಮ. ಒಂದು ದಿನದಿಂದ ಬೆಲ್ಲು ನಿಂತಿತು. ಸೈಕಲ್ಲುಗಳು ಬರುವುದು ಕೇಳಿಸುತ್ತಿತ್ತು, ಕಿಟಕಿಯ ಹತ್ತಿರ ನಿಧಾನವಾಗುವುದೂ ಕೇಳಿಸುತ್ತಿತ್ತು, ಬೆಲ್ಲಿಲ್ಲದೆ ಮುಂದೆ ಹೋಗುತ್ತಿದ್ದವು. ನನ್ನನ್ನು ಬಿಟ್ಟರು ಎಂದು ಅವಳು ಒಂಟೆಗೆ ಹೇಳಿದಳು. ಆ ಗೆಳತಿಯರಲ್ಲಿ ಒಬ್ಬಳು ಕಳೆದ ವರ್ಷ ಮಗುವಿನ ಫೋಟೋ ಕಳಿಸಿದಾಗ ಇವಳು ಉತ್ತರ ಬರೆಯಲಿಲ್ಲ. ಅವಳ ಮುನಿಸು ಅಷ್ಟು ಗಟ್ಟಿ. ಅಮ್ಮ ಬಾಗಿಲಲ್ಲಿ ನಿಂತು ಯಾರಿಗೋ ಮೆಲ್ಲನೆ, "ಅವಳಿಗೆ ಜ್ವರ ಕಣ್ರೇ, ತಲೆನೋವು, ಸದ್ದಾದ್ರೆ ಆಗಲ್ಲ," ಎಂದದ್ದನ್ನು ಅವಳು ಹೊದಿಕೆಯೊಳಗಿನಿಂದ ಕೇಳಿಸಿಕೊಂಡಿದ್ದಳು. ಜ್ವರವಿಲ್ಲದಿದ್ದರೂ ಜ್ವರವೆಂದು ಅಮ್ಮ ಮರ್ಯಾದೆ ಉಳಿಸಿಕೊಳ್ಳುತ್ತಿದ್ದಾಳೆ ಎಂದು ನಾಚಿಕೆಪಟ್ಟಿದ್ದಳು. ಅಮ್ಮನ ಮಾತನ್ನೂ ಕೇಳಿದ್ದಳು, ಬೆಲ್ಲು ನಿಂತದ್ದನ್ನೂ ಕೇಳಿದ್ದಳು. ಮೆದುಳಿನ ಬಗ್ಗೆ ಇಷ್ಟು ವರ್ಷ ಓದಿ, ಪರೀಕ್ಷೆಗಳನ್ನು ಬರೆದು, ಊರೂರು ಭಾಷಣ ಮಾಡಿದ ಅವಳ ಮೆದುಳು ಇವೆರಡನ್ನು ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಅಷ್ಟು ಸೈಕಲ್ಲುಗಳು, ಬೆರಳು ಬೆಲ್ಲಿನ ಮೇಲಿದ್ದೂ ಒತ್ತದೆ ಹೋದ ಅಷ್ಟೊಂದು ಹುಡುಗಿಯರು. ಅವಳಿಗೆ ನಗು ಬಂತು. ಕಾರಿಡಾರಿನಲ್ಲಿ ಒಬ್ಬಳೇ ನಿಂತು ನಕ್ಕಳು. ಎದುರು ಬಂದ ಗುಮಾಸ್ತರು, ಮಧ್ಯಾಹ್ನದ ಭಾಷಣ ಚೆನ್ನಾಗಿ ತಯಾರಾಗಿದೆ ಎಂದುಕೊಂಡು, "ಒಳ್ಳೇದಾಗ್ಲಿ," ಎಂದು ಹೋದರು.

ಪ್ರೊಫೆಸರು ತಮ್ಮ ಕೋಣೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಸುರುಳಿಯಾಗಿ ಬಂದರೆ ಆ ದಿನ ಒಳ್ಳೆಯದು ಎಂಬುದು ಅವರ ನಂಬಿಕೆ. ವಿಜ್ಞಾನಿಗೂ ಒಂದು ಮೂಢನಂಬಿಕೆ ಬೇಕಲ್ಲ ಎನ್ನುತ್ತಿದ್ದರು. ಅವಳು ಹೇಳುತ್ತ ಹೋದ ಹಾಗೆ ಅವರ ಬೆರಳು ನಿಧಾನವಾಯಿತು. ಸುರುಳಿ ಹರಿಯಿತು.

"ಯಾವ ಥರದ ಶೀತ?" ಎಂದು ಕೇಳಿದರು.

"ಸಾರ್?"

"ಸುಮ್ನೆ ಮೂಗು ಸೋರೋದಾ, ಕೆಮ್ಮಾ, ಜ್ವರ ಬೇರೆ ಇತ್ತಾ? ಮಕ್ಕಳಿಗೆ ನೀನು ಏನಂತ ಹೇಳ್ದೆ?"

"ಒಬ್ಬೊಬ್ಬರಿಗೆ ಒಂದೊಂದು ಥರ. ಒಬ್ಬನಿಗೆ ನೆಗಡಿ ಅಂದೆ. ಒಂದು ಹುಡುಗಿಗೆ, ಪಾಪ ರಾತ್ರಿಯೆಲ್ಲ ನಿದ್ದೆ ಇಲ್ಲ ಅಂದೆ. ಅವಳಿಗೂ ನಿದ್ದೆ ಬರ್ತಿರ್ಲಿಲ್ಲ, ಅದಕ್ಕೆ."

"ಬರೆದಿಟ್ಟಿದ್ದೀಯಾ?"

"ಇಲ್ಲ. ಆಟದ ಭಾಗ ಅಂತ ಅನ್ನಿಸ್ಲಿಲ್ಲ. ಮಾತು ಅಷ್ಟೆ ಅಂದ್ಕೊಂಡೆ."

ಪ್ರೊಫೆಸರು ಕಿತ್ತಳೆಯ ಒಂದು ತೊಳೆ ಬಿಡಿಸಿ, ತಿನ್ನದೆ, ಮೇಜಿನ ಮೇಲಿಟ್ಟರು. "ನೋಡು. ಇದು ಶೀತಾನೇ ಅಂತ ನಿನಗೂ ಗೊತ್ತಿಲ್ಲ. ಒಂದು ಹುಡುಗಿ ಹೇಳಿದ್ಲು. ಉಳಿದೋರು ಹೇಳಿಲ್ಲ. ಮುನಿಸೂ ಇರಬಹುದು."

"ಇರಬಹುದು."

"ಹಾಗಾದ್ರೆ ಇವತ್ತು ಮುನಿಸು ಅಂತಲೇ ಮಾತಾಡು. ಆಮೇಲೆ ಕೂತು ನೋಡೋಣ. ತಪ್ಪು ಅಂತಾದ್ರೆ ತಿದ್ದೋಣ. ಎಲ್ಲರೂ ಹಾಗೇ ಮಾಡೋದು. ನಾನು ನಿನಗೆ ಸುಳ್ಳು ಹೇಳು ಅಂತಿಲ್ಲ, ನಿಧಾನ ಹೇಳು ಅಂತಿದ್ದೀನಿ." ಅವರು ಕೆಟ್ಟವರಾಗಿರಲಿಲ್ಲ. ಅವಳಿಗೆ ಇನ್ನು ಮೂರು ವರ್ಷ ಸಿಗಲಿ ಎಂದು ಸಮಿತಿಯ ಒಬ್ಬೊಬ್ಬರ ಬಳಿ ಹೋಗಿ ಚಹಾ ಕುಡಿದು ಬಂದವರು. ಅವರ ಮಾತು ಎಷ್ಟು ಸರಿಯಾಗಿತ್ತೆಂದರೆ, ಅವಳು ಹ್ಞೂಂ ಎಂದು ಎದ್ದು, ಬಾಗಿಲವರೆಗೂ ಅದನ್ನು ನಂಬಿಕೊಂಡೇ ಹೋದಳು.

ಸಭೆಯ ಕೋಣೆಯಲ್ಲಿ ಪರದೆ ಇಳಿದಿತ್ತು. ಮೊದಲ ಸಾಲಿನಲ್ಲಿ ಸಮಿತಿಯ ಅಧ್ಯಕ್ಷೆ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುವ ಅಭ್ಯಾಸದವರು. ಅವರ ಪಕ್ಕದಲ್ಲಿ ಇಬ್ಬರು ಅಧಿಕಾರಿಗಳು. ಕಿಟಕಿಯ ಬಳಿ, ನಿವೃತ್ತರಾಗಿ ಎಷ್ಟೋ ಕಾಲವಾದ ಮಕ್ಕಳ ವೈದ್ಯರು, ಕಿವಿಯ ಯಂತ್ರವನ್ನು ಅಂಗಿಯ ಜೇಬಿನಿಂದ ತೆಗೆದು ಹಾಕಿಕೊಳ್ಳಬೇಕೋ ಬೇಡವೋ ಎಂದು ಅಂಗೈಯಲ್ಲಿ ತೂಗುತ್ತಿದ್ದರು. ಅವರು ನಿದ್ದೆ ಹೋಗುವುದಕ್ಕೂ, ನಿದ್ದೆಯಿಂದೆದ್ದು ಭಾಷಣಕಾರರ ಬೆನ್ನುಮೂಳೆ ಮುರಿಯುವಂಥ ಪ್ರಶ್ನೆ ಕೇಳುವುದಕ್ಕೂ ಹೆಸರಾದವರು. ಅವಳು ಮೊದಲ ಚಿತ್ರ ಹಾಕಿದಳು, ಎರಡನೆಯದು ಹಾಕಿದಳು. ನಾಲಿಗೆ ತಾನಾಗಿಯೇ ಹೋಗುತ್ತಿತ್ತು. ಹದಿಹರೆಯ ಎಂದಿತು, ಸಮಾಜ ಎಂದಿತು. ಮೂರನೆಯ ಚಿತ್ರ ಮುನಿಸಿನದು. ಚಿರತೆಗೆ ಎಸೆದ ಚೆಂಡಿನ ಲೆಕ್ಕ ತೋರಿಸುವ ಎರಡು ಕಂಬಗಳು: ಎತ್ತರದ್ದು ಶಾಲೆಯ ಮಕ್ಕಳದು, ಕುಳ್ಳಗಿನದು ಮನೋವೈದ್ಯರ ಕಡೆಯವರದು. ಚಿತ್ರ ನಿಜಕ್ಕೂ ಚೆಂದವಿತ್ತು. ಕುಳ್ಳ ಕಂಬಕ್ಕೆ ಅವಳೇ ಆರಿಸಿದ ಕೆಂಪು. ಈ ಕೆಂಪನ್ನು ಒಂದು ಪುಸ್ತಕ ಎತ್ತಿಕೊಳ್ಳುತ್ತದೆ, ಪುಸ್ತಕದಿಂದ ಒಂದು ಪತ್ರಿಕೆ, ಪತ್ರಿಕೆಯಿಂದ ಯಾರೋ ಒಬ್ಬ ತಾಯಿ, ಮಗಳ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಓದಿ, ಎಷ್ಟು ದಿನ ಮುನಿಸ್ಕೋತಾಳೋ ಮುನಿಸ್ಕೊಳ್ಳಲಿ ಎಂದು ಪುಟ ಮಡಚುತ್ತಾರೆ. ತಿದ್ದುಪಡಿಯನ್ನು ಯಾವ ತಾಯಿಯೂ ಓದುವುದಿಲ್ಲ.

"ಈ ಚಿತ್ರ ಸರಿಯಿಲ್ಲ," ಎಂದಳು ಅವಳು.

ಅಧಿಕಾರಿಯೊಬ್ಬರು ಪರದೆಯನ್ನು ಓರೆಯಾಗಿ ನೋಡಿ, "ಸ್ವಲ್ಪ ಮೇಲೆ ಮಾಡಿ, ಸರಿಹೋಗತ್ತೆ," ಎಂದರು.

"ಅದಲ್ಲ. ಚಿತ್ರ ನೇರವಾಗಿದೆ. ಅದರ ಅರ್ಥ ಸರಿಯಿಲ್ಲ. ಈ ಮಕ್ಕಳಿಗೆ ಮಾತ್ರ ನಾನು ಒಂದು ಮಾತು ಹೆಚ್ಚಿಗೆ ಹೇಳಿದ್ದೆ. ಚಿರತೆಗೆ ಶೀತ ಅಂತ." ಅವಳು ಎಲ್ಲವನ್ನೂ ಹೇಳಿದಳು: ಸೀನು, ಗಾಬರಿ, ಒಂದು ಮಗು ನಕ್ಕದ್ದು, ಆ ನಗುವಿನ ಆಸೆಗೆ ತಾನು ಶೀತವನ್ನು ಸಾಕಿಕೊಂಡು ಬಂದದ್ದು, ಇವತ್ತು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಒಬ್ಬಳು ಹೇಳಿದ್ದು. ಹೇಳುತ್ತಿರುವಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರೊಫೆಸರು 'ನಿಧಾನ' ಎಂಬ ಮಾತನ್ನು ತುಟಿಯಲ್ಲಿ ಮಾತ್ರ ಆಡಿ, ಆಮೇಲೆ ಅದನ್ನೂ ಬಿಟ್ಟು, ಹಣೆಯ ಮೇಲೆ ಕೈಯಿಟ್ಟುಕೊಂಡರು.

ಅಧ್ಯಕ್ಷೆ ಪೆನ್ನಿಗೆ ಮುಚ್ಚಳ ಹಾಕಿದರು. ಮತ್ತೆ ತೆಗೆಯಲಿಲ್ಲ. "ಅಂದ್ರೆ ಇವತ್ತಿಗೆ ನಿಮ್ಮ ಹತ್ರ ಏನಿದೆ?"

"ಪ್ರಶ್ನೆ ಇದೆ ಮೇಡಂ. ಮತ್ತೆ ಮೊದಲಿಂದ ಮಾಡಬೇಕು. ಈ ಸಲ ಎರಡೂ ಕಡೆಯ ಮಕ್ಕಳಲ್ಲಿ ಅರ್ಧ ಜನಕ್ಕೆ ಶೀತ ಅಂತ ಹೇಳಬೇಕು, ಅರ್ಧ ಜನಕ್ಕೆ ಹೇಳಬಾರದು."

"ನಿಮ್ಮ ಅವಧಿ ಮುಂದಿನ ತಿಂಗಳಿಗೆ ಮುಗಿಯತ್ತೆ."

"ಹೌದು."

"ನಾವು ಮುಂದುವರಿಸೋಕೆ ಬಂದಿದ್ದು ಮುಗಿದ ಕೆಲಸ ನೋಡಿ. ಹೊಸದು ಅಂದ್ರೆ ಹೊಸ ಅರ್ಜಿ ಹಾಕ್ಬೇಕು. ಎಲ್ಲರ ಜೊತೆ ಸಾಲಲ್ಲಿ ನಿಲ್ಲಬೇಕು. ಗೊತ್ತಿದ್ದೇ ಹೇಳಿದ್ರಿ ಅಂದ್ಕೋತೀನಿ." ದನಿಯಲ್ಲಿ ಸಿಟ್ಟಿರಲಿಲ್ಲ, ಬಾಗಿಲು ಹಾಕುವಾಗ ಬೆರಳು ಸಿಕ್ಕದಂತೆ ನೋಡಿಕೊಳ್ಳುವವರ ಎಚ್ಚರವಿತ್ತು. ಅವಳು ತಲೆಯಾಡಿಸಿದಳು. ಮಹಡಿಯ ಕೋಣೆ, ಅದರ ಕಿಟಕಿ, ಕಿಟಕಿಯ ಕೆಳಗಿನ ಬೀದಿ ಕಣ್ಣೆದುರು ಬಂದು ಹೋದವು.

"ಯಾರಿಗಾದ್ರೂ ಪ್ರಶ್ನೆ ಇದ್ಯಾ?" ಎಂದರು ಅಧ್ಯಕ್ಷೆ, ಎದ್ದು ನಿಲ್ಲುತ್ತಲೇ.

ಕಿಟಕಿಯ ಬಳಿಯ ಮುದುಕರು ಕೈಯೆತ್ತಿದರು. ಕಿವಿಯ ಯಂತ್ರ ಈಗ ಕಿವಿಯಲ್ಲಿತ್ತು. ಯಾವಾಗ ಹಾಕಿಕೊಂಡರೋ, ಎಷ್ಟು ಕೇಳಿಸಿತೋ. ಕೋಣೆಯೆಲ್ಲ ಅವರತ್ತ ತಿರುಗಿತು. ಪ್ರೊಫೆಸರು ಕಣ್ಣು ಮುಚ್ಚಿದರು. ಮುದುಕರು ಗಂಟಲು ಸರಿಮಾಡಿಕೊಂಡು, ಜೀವಮಾನವೆಲ್ಲ ಮಕ್ಕಳ ಹಾಸಿಗೆಯ ಅಂಚಿನಲ್ಲಿ ಕುಳಿತು ಕೇಳಿದ ದನಿಯಲ್ಲಿ ಕೇಳಿದರು.

"ಆ ಚಿರತೆಗೆ ಈಗ ಹೇಗಿದೆ ತಾಯಿ?"

ಕೋಣೆ ನಗೆಯಲ್ಲಿ ಒಡೆಯಿತು. ಅಧ್ಯಕ್ಷೆಯೂ ನಕ್ಕರು, ಅಧಿಕಾರಿಗಳೂ ನಕ್ಕರು. ಪ್ರೊಫೆಸರು ಸಹ, ಕಣ್ಣು ಮುಚ್ಚಿಕೊಂಡೇ. ಮುದುಕರು ಮಾತ್ರ ನಗಲಿಲ್ಲ. ಅವರು ಉತ್ತರಕ್ಕೆ ಕಾಯುತ್ತಿದ್ದರು. ಚಿರತೆ ಎಂಬುವವಳು ಇಲ್ಲವೆಂದು ಹೇಳಲು ಅವಳು ಬಾಯಿ ತೆರೆದಳು. ಆಟ ಮುಗಿದ ಮೇಲೆ ಮಕ್ಕಳಿಗೆ ಹೇಳಲೇಬೇಕೆಂದು ನಿಯಮವಿತ್ತು. ಮುದುಕರ ವಿಷಯದಲ್ಲಿ ಅಂಥದೇನೂ ಇರಲಿಲ್ಲ.

"ಪರವಾಗಿಲ್ಲ ಸಾರ್," ಎಂದಳು. "ಬೆಳಿಗ್ಗೆ ಒಬ್ಬಳು ವಿಚಾರಿಸ್ಕೊಂಡು ಹೋದ್ಲು."